ಲಸಿಕೆ ಪುಸ್ತಕದ ಐದು ಗೆರೆಗಳು

ಪುಟ್ಟ ಮಗು ಇರುವ ಮನೆಯಲ್ಲೆಲ್ಲ ಒಂದು ಲಸಿಕೆ ಪುಸ್ತಕ ಇರುತ್ತೆ. ಸರ್ಕಾರಿ ಆಸ್ಪತ್ರೆಯದಾದರೆ ತಾಯಿ ಕಾರ್ಡು. ಚುಚ್ಚುಮದ್ದಿನ ತಾರೀಖು ಬರೆಯುವ ಪುಟವನ್ನು ಎಲ್ಲರೂ ನೋಡ್ತೀವಿ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಎಡಗಡೆ ಒತ್ತೊತ್ತಾಗಿ ಹೊರಟು, ಬಲಗಡೆಗೆ ಹೋಗ್ತಾ ಬೀಸಣಿಗೆ ಥರ ಬಿಚ್ಚಿಕೊಳ್ಳುವ ಗೆರೆಗಳಿರುತ್ತವೆ. ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ತೂಕ. ನಮ್ಮ ಮಗಳ ಪುಸ್ತಕದಲ್ಲಿ ಇಂಥ ಐದು ಗೆರೆಗಳಿವೆ. ಪ್ರತಿ ಸಲ ತೂಕ ನೋಡಿದಾಗ ಡಾಕ್ಟರು ಅಲ್ಲೊಂದು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಎಲ್ಲಿ ಬಿತ್ತು ಅನ್ನೋದರ ಮೇಲೆ ಮನೆಯ ಆ ವಾರದ ನೆಮ್ಮದಿ ನಿಂತಿರುತ್ತೆ.

ನಾನು ಸಾಫ್ಟ್‌ವೇರ್ ಕೆಲಸದ ಜೊತೆಗೇ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಓದ್ತಿದ್ದೀನಿ. ಕ್ಲಾಸು ರಾತ್ರಿ, ಮಗಳು ಮಲಗಿದ ಮೇಲೆ, ಲ್ಯಾಪ್‌ಟಾಪಿನಲ್ಲಿ. ಈ ಸೆಮಿಸ್ಟರಿನ ಪೇಪರಿನ ಹೆಸರು 'ಮಾಡರ್ನ್ ರಿಗ್ರೆಷನ್'. ಹೆಸರು ಕೇಳಿದರೆ ಇದಕ್ಕೂ ಮನೆಗೂ ಏನು ಸಂಬಂಧ ಅನ್ನಿಸುತ್ತೆ. ಆದರೆ ಲಸಿಕೆ ಪುಸ್ತಕದ ಆ ಐದು ಗೆರೆಗಳು ಈ ಪೇಪರಿನ ಸಿಲಬಸ್ಸಿನಿಂದಲೇ ಇಳಿದು ಬಂದಂತಿವೆ. ಅವುಗಳನ್ನು ಸರಿಯಾಗಿ ಓದೋದು ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ನಾನು ನಮ್ಮ ಮನೆಯಲ್ಲೇ ನೋಡಿದ್ದೀನಿ. ಅದಕ್ಕೇ ಈ ಸಲದ ಅಂಕಣ ಅದರ ಬಗ್ಗೆ.

ಮಗಳು ಹುಟ್ಟಿದಾಗ 3.7 ಕೆ.ಜಿ. ಇದ್ದಳು. ಕೆಳಗಿನಿಂದ ಎಣಿಸಿದರೆ ನಾಲ್ಕನೇ ಗೆರೆ. ನೋಡೋಕೆ ಬಂದವರೆಲ್ಲ 'ಏನ್ ಗುಂಡಮ್ಮ ನಿಮ್ಮಗಳು' ಅಂತ ಹೇಳಿ ಹೋದರು. ಆರು ತಿಂಗಳಿಗೆ 7.4 ಕೆ.ಜಿ. ಆದಳು. ಹುಟ್ಟಿದ ತೂಕದ ಸರಿಯಾಗಿ ಎರಡರಷ್ಟು. ಆದರೆ ಚುಕ್ಕೆ ಬಿದ್ದಿದ್ದು ಮೂರನೇ ಗೆರೆಯ ಹತ್ತಿರ. ಡಾಕ್ಟರು ಮಗುವನ್ನು ಪೂರ್ತಿ ಪರೀಕ್ಷೆ ಮಾಡಿ, 'ಚೆನ್ನಾಗಿದ್ದಾಳಮ್ಮ, ಚಿಂತೆ ಮಾಡ್ಬೇಡಿ' ಅಂದರು. ಮನೆಗೆ ಬರೋವಷ್ಟರಲ್ಲಿ 'ಗೆರೆ ಇಳಿದಿದೆಯಂತೆ' ಅನ್ನೋದಷ್ಟೇ ಉಳಿದಿತ್ತು. ಹೆರಿಗೆ ರಜೆ ಮುಗಿದು ನಾನು ಆಫೀಸಿಗೆ ಹೋಗೋಕೆ ಶುರುಮಾಡಿದ್ದೂ ಅದೇ ಸಮಯ. ಇನ್ನೇನು ಬೇಕು? 'ಹಾಲು ಸಾಲ್ತಿಲ್ಲ ಕಣಮ್ಮ' ಅಂತ ಒಬ್ಬರು. 'ಆಫೀಸ್ ಟೆನ್ಶನ್‌ಗೆ ಹಾಲು ಬತ್ತುತ್ತೆ' ಅಂತ ಇನ್ನೊಬ್ಬರು. ದೃಷ್ಟಿ ತೆಗೆದಿದ್ದಾಯಿತು. ಡಬ್ಬಿ ಹಾಲಿನ ಹೆಸರುಗಳು ವಾಟ್ಸಾಪಿನಲ್ಲಿ ಬಂದವು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಸುತ್ತಿ ಬಳಸಿ ಮಾತು ಬಂದು ನಿಲ್ಲುತ್ತಿದ್ದದ್ದು ನನ್ನ ಹತ್ತಿರ.

ಈಗ ಕ್ಲಾಸಿಗೆ ಬರೋಣ. ಎಂಜಿನಿಯರಿಂಗ್ ಓದಿದವರಿಗೆ ಗಣಿತದ ಪೇಪರಿನಲ್ಲಿ 'ಲೀಸ್ಟ್ ಸ್ಕ್ವೇರ್ಸ್' ಬಂದು ಹೋಗಿರುತ್ತೆ. ಗ್ರಾಫಿನ ಮೇಲೆ ಚುಕ್ಕೆಗಳು ಚೆದುರಿರುತ್ತವೆ, ಅವುಗಳ ನಡುವೆ ಒಂದು ಗೆರೆ ಎಳೀಬೇಕು. ಪ್ರತಿ ಚುಕ್ಕೆ ಗೆರೆಯಿಂದ ಎಷ್ಟು ದೂರ ಇದೆ ನೋಡಿ, ಆ ದೂರಗಳ ವರ್ಗಗಳನ್ನು ಕೂಡಿ, ಮೊತ್ತ ಅತಿ ಕಡಿಮೆ ಆಗುವಂಥ ಗೆರೆ ಆರಿಸಬೇಕು. ಫ್ರಾನ್ಸಿನ ಲೆಜಾಂಡ್ರ್ ಇದನ್ನು ಅಚ್ಚು ಹಾಕಿಸಿದ್ದು 1805ರಲ್ಲಿ. ಇನ್ನೂರು ವರ್ಷ ದಾಟಿದರೂ ಇವತ್ತಿಗೂ ನಮ್ಮ ಪೇಪರಿನ ಮೊದಲ ಪಾಠ ಇದೇ.

ಮಕ್ಕಳ ತೂಕಕ್ಕೆ ಈ ಹಳೇ ವಿಧಾನ ಎರಡು ಕಡೆ ಸಾಲದು. ಒಂದು, ಮಕ್ಕಳು ನೇರ ಗೆರೆಯಲ್ಲಿ ಬೆಳೆಯೋದಿಲ್ಲ. ಮೊದಲ ಮೂರ್ನಾಲ್ಕು ತಿಂಗಳು ದುಡುದುಡು ತೂಕ ಏರುತ್ತೆ, ಆಮೇಲೆ ನಿಧಾನ. ಎರಡು, ಹಳೇ ವಿಧಾನ ಕೊಡೋದು ನಡುವಿನ ಒಂದು ಗೆರೆ ಮಾತ್ರ. ಮಕ್ಕಳು ಆ ಗೆರೆಯ ಮೇಲೂ ಕೆಳಗೂ ಎಷ್ಟು ಹರಡಿಕೊಂಡಿರುತ್ತಾರೆ, ಆ ಹರವು ವಯಸ್ಸಿನ ಜೊತೆ ಹೇಗೆ ಬದಲಾಗುತ್ತೆ ಅಂತ ಅದು ಹೇಳಲ್ಲ.

ಮೊದಲನೆಯದಕ್ಕೆ ಮದ್ದು 'ಸ್ಪ್ಲೈನ್'. ಹಿಂದೆ ಹಡಗಿನ ನಕ್ಷೆ ಬರೆಯುವವರು ಬಾಗುವಂಥ ತೆಳು ಮರದ ಪಟ್ಟಿಯನ್ನು ಅಲ್ಲಲ್ಲಿ ಭಾರ ಇಟ್ಟು ಬಗ್ಗಿಸಿ, ಅದರ ಗುಂಟ ಗೆರೆ ಎಳೀತಿದ್ದರು. ಆ ಪಟ್ಟಿಯ ಹೆಸರೇ ಸ್ಪ್ಲೈನ್. ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಸೂತ್ರಗಳಿಂದ ಮಾಡ್ತೀವಿ. ಕಷ್ಟ ಇರೋದು ಪಟ್ಟಿ ಎಷ್ಟು ಬಾಗಬೇಕು ಅನ್ನೋದರಲ್ಲಿ. ಬಾಗಲೇ ಇಲ್ಲ ಅಂದರೆ ಮೊದಲ ತಿಂಗಳುಗಳ ಓಟ ಕಾಣಲ್ಲ. ಬೇಕಾದ ಹಾಗೆ ಬಾಗಲು ಬಿಟ್ಟರೆ ಸಿಕ್ಕ ಪ್ರತಿ ಚುಕ್ಕೆಯ ಹಿಂದೆ ಓಡಿ ಅಂಕುಡೊಂಕಾಗುತ್ತೆ. ಹಳೇ ಪ್ರಶ್ನೆಪತ್ರಿಕೆಗಳ ಉತ್ತರ ಉರು ಹೊಡೆದ ಹುಡುಗನ ಥರ. ಅವೇ ಪ್ರಶ್ನೆ ಕೊಟ್ಟರೆ ನೂರಕ್ಕೆ ನೂರು, ಹೊಸ ಪ್ರಶ್ನೆ ಬಂದರೆ ಕಣ್ಣು ಕಣ್ಣು ಬಿಡ್ತಾನೆ.

ಅದಕ್ಕೇ ನಮಗೆ ಕಲಿಸೋ ಮುಖ್ಯ ಶಿಸ್ತು 'ಕ್ರಾಸ್ ವ್ಯಾಲಿಡೇಷನ್'. ಇರೋ ಅಳತೆಗಳಲ್ಲಿ ಸ್ವಲ್ಪವನ್ನು ಪಕ್ಕಕ್ಕೆ ತೆಗೆದಿಟ್ಟು, ಮಿಕ್ಕಿದ್ದರಿಂದ ಗೆರೆ ಎಳೆದು, ತೆಗೆದಿಟ್ಟದ್ದರ ಮೇಲೆ ಪರೀಕ್ಷೆ ಮಾಡೋದು. ಹೀಗೆ ಬೇರೆ ಬೇರೆ ಭಾಗ ತೆಗೆದಿಟ್ಟು ಹಲವು ಸಲ. ಈಗಾಗಲೇ ಕಂಡದ್ದನ್ನು ಚೆನ್ನಾಗಿ ವಿವರಿಸಿದರೆ ಸಾಲದು, ಕಾಣದ್ದನ್ನು ಹೇಳಬೇಕು. ಇದಕ್ಕಿಂತ ಉಪಯೋಗದ ಪಾಠ ಈ ಪೇಪರಿನಲ್ಲಿ ನನಗಿನ್ನೂ ಸಿಕ್ಕಿಲ್ಲ.

ಎರಡನೆಯದಕ್ಕೆ ಹಲವರು ಹಲವು ದಾರಿ ಹುಡುಕಿದರು. 1978ರಲ್ಲಿ ಕೋಂಕರ್ ಮತ್ತು ಬ್ಯಾಸೆಟ್ 'ಕ್ವಾಂಟೈಲ್ ರಿಗ್ರೆಷನ್' ತಂದರು. ನಡುವಿನ ಗೆರೆ ಒಂದೇ ಅಲ್ಲ, ನೂರರಲ್ಲಿ ಹದಿನೈದು ಜನ ಯಾವ ಗೆರೆಯ ಕೆಳಗಿರುತ್ತಾರೋ ಆ ಗೆರೆ, ಎಂಬತ್ತೈದು ಜನ ಯಾವುದರ ಕೆಳಗಿರುತ್ತಾರೋ ಆ ಗೆರೆ, ಹೀಗೆ ಬೇಕಾದ್ದನ್ನು ನೇರವಾಗಿ ಎಳೆಯುವ ವಿಧಾನ. ಮಕ್ಕಳ ಬೆಳವಣಿಗೆಗೆ ಅಂತಲೇ ಬ್ರಿಟನ್ನಿನ ಟಿಮ್ ಕೋಲ್ ಇನ್ನೊಂದು ವಿಧಾನ ರೂಪಿಸಿದರು. ನಡು, ಹರವು, ಓರೆ ಮೂರೂ ವಯಸ್ಸಿನ ಜೊತೆ ಮೆಲ್ಲಗೆ ಬದಲಾಗಲು ಬಿಡುವ ವಿಧಾನ ಅದು. ಅದನ್ನೂ ಒಳಗೊಳ್ಳುವ ದೊಡ್ಡ ಚೌಕಟ್ಟನ್ನು 2005ರಲ್ಲಿ ರಿಗ್ಬಿ ಮತ್ತು ಸ್ಟಾಸಿನೋಪೌಲಸ್ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡಗಳು ಈ ಕೊನೆಯ ಚೌಕಟ್ಟಿನಲ್ಲಿ, ಸ್ಪ್ಲೈನ್‌ಗಳನ್ನು ಬಳಸಿ ಎಳೆದವು. ನಮ್ಮ ಪುಸ್ತಕದ ಐದು ಗೆರೆಗಳು ಅವೇ: 3, 15, 50, 85, 97.

ಇವು ಮಾರ್ಕ್ಸ್ ಅಲ್ಲ ಅನ್ನೋದನ್ನ ಮೊದಲು ತಿಳ್ಕೋಬೇಕು. 15ನೇ ಗೆರೆಯ ಮೇಲಿರೋ ಮಗು ನೂರಕ್ಕೆ ಹದಿನೈದು ತೆಗೆದು ಫೇಲಾದ ಮಗು ಅಲ್ಲ. ನೂರು ಆರೋಗ್ಯವಂತ ಮಕ್ಕಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿದರೆ ಅದಕ್ಕಿಂತ ಹಗುರ ಇರೋರು ಹದಿನೈದು ಜನ, ಅಷ್ಟೇ. ಆ ಸಾಲಿನಲ್ಲಿ ಇರೋರೆಲ್ಲ ಚೆನ್ನಾಗಿರುವ ಮಕ್ಕಳೇ. ಹುಟ್ಟಿದಾಗ ಹೆಣ್ಣುಮಕ್ಕಳ ನಡುವಿನ ಗೆರೆ 3.2 ಕೆ.ಜಿ. ಹತ್ತಿರ, ಒಂದು ವರ್ಷಕ್ಕೆ 8.9. ಆದರೆ ಒಂದು ವರ್ಷದ ಹೊತ್ತಿಗೆ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಾಲ್ಕು ಕೆ.ಜಿ.ಗಿಂತ ಹೆಚ್ಚು ಅಂತರ ಇರುತ್ತೆ. 'ಪಕ್ಕದ ಮನೆ ಮಗು ಹತ್ತು ಕೆ.ಜಿ. ಇದೆ' ಅನ್ನೋ ಮಾತಿಗೆ ಇದೇ ಉತ್ತರ.

ಆ ಆರೋಗ್ಯವಂತ ಮಕ್ಕಳು ಯಾರು ಅನ್ನೋದು ಇನ್ನೂ ಮುಖ್ಯ. 1970ರ ದಶಕದ ಕೊನೆಯಿಂದ ಜಗತ್ತೆಲ್ಲ ಬಳಸಿದ ಹಳೇ ಚಾರ್ಟಿನಲ್ಲಿ ಎಳೆಯ ಮಕ್ಕಳ ಗೆರೆಗಳು ಅಮೆರಿಕದ ಒಹಾಯೋದ ಮಕ್ಕಳ ಅಳತೆಗಳಿಂದ ಬಂದವು. ಅವರಲ್ಲಿ ಬಹುಪಾಲು ಮಕ್ಕಳು ಡಬ್ಬಿ ಹಾಲು ಕುಡಿದು ಬೆಳೆದವರು. ಎದೆಹಾಲಿನ ಮಕ್ಕಳು ಮೊದಲ ಕೆಲವು ತಿಂಗಳಾದ ಮೇಲೆ ಅವರಿಗಿಂತ ನಿಧಾನವಾಗಿ ತೂಕ ಏರಿಸಿಕೊಳ್ತಾರೆ. ಹಾಗಾಗಿ ಹಳೇ ಚಾರ್ಟಿನ ಮೇಲೆ ಚುಕ್ಕೆ ಇಟ್ಟರೆ ಚೆನ್ನಾಗಿರೋ ಮಗುವೂ ಹಿಂದೆ ಬಿದ್ದ ಹಾಗೆ ಕಾಣುತ್ತಿತ್ತು. ಎಷ್ಟೋ ತಾಯಂದಿರಿಗೆ ಹಾಲು ಸಾಲದು, ಮೇಲಿನ ಹಾಲು ಶುರುಮಾಡಿ ಅಂತ ಅನಾವಶ್ಯಕವಾಗಿ ಹೇಳೋಕೆ ಇದು ಕಾರಣವಾಯಿತು. ಹೊಸ ಚಾರ್ಟು ಬೇಕು ಅನ್ನೋದಕ್ಕೆ ಇದೂ ಒಂದು ದೊಡ್ಡ ಕಾರಣ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದರು. ನಮ್ಮ ದೇಶದ ಮಕ್ಕಳು ದೆಹಲಿಯವರು. ಹುಟ್ಟಿನಿಂದ ಎರಡು ವರ್ಷದ ತನಕದ ಗೆರೆಗಳಿಗೆ ಎದೆಹಾಲೇ ಮುಖ್ಯ ಆಹಾರವಾಗಿದ್ದ, ಧೂಮಪಾನ ಮಾಡದ ತಾಯಂದಿರ ಮಕ್ಕಳನ್ನು ಆರಿಸಿಕೊಂಡರು.

ಈ ಕಥೆ ಓದಿದ ರಾತ್ರಿ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಸೂತ್ರ ಎಷ್ಟೇ ಚೆನ್ನಾಗಿರಲಿ, ಯಾರ ಅಳತೆಗಳಿಂದ ಗೆರೆ ಎಳೆದೆವು ಅನ್ನೋದು ಮೊದಲ ಪ್ರಶ್ನೆ. ತಪ್ಪು ಮಕ್ಕಳ ಗೆರೆ ಹಿಡಿದುಕೊಂಡು ಎಷ್ಟು ದೇಶಗಳಲ್ಲಿ ಎಷ್ಟು ಅಮ್ಮಂದಿರು 'ನನ್ನ ಹಾಲೇ ಸರಿ ಇಲ್ಲ' ಅಂದುಕೊಂಡು ಅತ್ತಿರಬಹುದು!

ಇನ್ನು 'ಇಳಿದ' ಚುಕ್ಕೆಯ ವಿಚಾರ. ರಿಗ್ರೆಷನ್ ಅನ್ನೋ ಪದಕ್ಕೆ ಹಿಂದಕ್ಕೆ ಸರಿಯೋದು ಅಂತ ಅರ್ಥ. ಗೆರೆ ಎಳೆಯೋ ವಿದ್ಯೆಗೆ ಇಂಥ ಹೆಸರು ಯಾಕೆ ಬಂತು? 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರ ಹೋಲಿಸಿದ. ತುಂಬ ಎತ್ತರದ ದಂಪತಿಯ ಮಕ್ಕಳು ಎತ್ತರವೇ, ಆದರೆ ಸರಾಸರಿ ನೋಡಿದರೆ ಅಪ್ಪ ಅಮ್ಮನಷ್ಟಲ್ಲ. ಕುಳ್ಳಗಿನವರ ಮಕ್ಕಳು ಕುಳ್ಳಗೇ, ಆದರೆ ಅಷ್ಟಲ್ಲ. ಅಪ್ಪ ಅಮ್ಮ ನಡುವಿನಿಂದ ಎಷ್ಟು ದೂರವೋ, ಮಕ್ಕಳು ಅದರ ಸುಮಾರು ಮೂರರಲ್ಲಿ ಎರಡು ಭಾಗ ಮಾತ್ರ ದೂರ. ಈ ನಡುವಿನ ಕಡೆಗೆ ಸರಿಯೋದಕ್ಕೆ ಅವನಿಟ್ಟ ಹೆಸರು ರಿಗ್ರೆಷನ್.

ಒಂದಕ್ಕೊಂದು ಪೂರ್ತಿ ಅಂಟಿಕೊಂಡಿರದ ಯಾವ ಎರಡು ಅಳತೆಗಳಲ್ಲೂ ಇದು ಇರುತ್ತೆ. ಹುಟ್ಟಿದಾಗಿನ ತೂಕದಲ್ಲಿ ಗರ್ಭದೊಳಗಿನ ಪರಿಸ್ಥಿತಿಯ ಪಾಲು ದೊಡ್ಡದು. ಹೊರಗೆ ಬಂದ ಮೇಲೆ ಮಗು ಮೆಲ್ಲಗೆ ತನ್ನ ಮೈಕಟ್ಟಿನ ದಾರಿ ಹಿಡಿಯುತ್ತೆ. ಹಾಗಾಗಿ ಮೇಲಿನ ಗೆರೆಯಲ್ಲಿ ಹುಟ್ಟಿದ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಕೆಳಗೆ, ಕೆಳಗಿನ ಗೆರೆಯಲ್ಲಿ ಹುಟ್ಟಿದವರು ಸ್ವಲ್ಪ ಮೇಲೆ ಸರೀತಾರೆ. ಟಿಮ್ ಕೋಲ್ 1995ರಲ್ಲಿ ಬ್ರಿಟನ್ನಿನ ಶಿಶುಗಳಿಗಾಗಿ ಇದನ್ನು ಲೆಕ್ಕಕ್ಕೆ ಹಿಡಿದ ಚಾರ್ಟನ್ನೇ ಮಾಡಿದರು. ಈ ಮಗು ಹಿಂದೆ ಇಷ್ಟಿತ್ತು, ಹಾಗಾದರೆ ಈಗ ಎಷ್ಟಿರಬೇಕು ಅಂತ ಕೇಳುವ ಚಾರ್ಟು.

ನಮ್ಮ ಮಗಳಿಗೇ ಒಂದು ಅಂದಾಜು ಹಾಕೋಣ. ಹುಟ್ಟಿದಾಗ ಅವಳು ನಡುವಿನಿಂದ ಒಂದು 'ಸ್ಟ್ಯಾಂಡರ್ಡ್ ಡೀವಿಯೇಷನ್' ಮೇಲಿದ್ದಳು. ಅಂದರೆ ಮಕ್ಕಳ ಸಹಜ ಏರುಪೇರಿನ ಒಂದು ಮೆಟ್ಟಿಲು. ಹುಟ್ಟಿದ ತೂಕಕ್ಕೂ ಆರು ತಿಂಗಳ ತೂಕಕ್ಕೂ ಇರುವ ನಂಟು ಅರ್ಧದಷ್ಟು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಆಗ ಆರು ತಿಂಗಳಿಗೆ ಅವಳಿಂದ ನಿರೀಕ್ಷಿಸಬೇಕಾದ್ದು ಅರ್ಧ ಮೆಟ್ಟಿಲು, ಸುಮಾರು 7.7 ಕೆ.ಜಿ. ಅವಳು ಇದ್ದದ್ದು 7.4. ಆ ಮುನ್ನೂರು ಗ್ರಾಂ ವ್ಯತ್ಯಾಸ ಅದೇ ತೂಕದಲ್ಲಿ ಹುಟ್ಟಿದ ಮಕ್ಕಳ ನಡುವಿನ ಸಹಜ ಏರುಪೇರಿನ ಅರ್ಧದಷ್ಟೂ ಅಲ್ಲ. ಡಾಕ್ಟರು ಮಗುವನ್ನು ನೋಡಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ಅರ್ಧ ಪುಟ ಲೆಕ್ಕ ಮಾಡಿ ತಿಳ್ಕೊಂಡೆ.

ಅತ್ತೆಗೆ ಇದನ್ನು ಸೂತ್ರ ಬಿಟ್ಟು ಹೇಳಿದೆ. ಅವರು ಮಗುವಿಗೆ ರಾಗಿ ಸರಿ ತಿರುವುತ್ತಾ ಕೇಳಿಸಿಕೊಂಡು, 'ನಿನ್ನ ಗಂಡ ಹುಟ್ಟಿದಾಗ ಎರಡೂಕಾಲು ಕೆ.ಜಿ. ಇದ್ದ ಕಣಮ್ಮ. ನಮ್ಮತ್ತೆ ಏನೇನಂದಿದ್ರು! ವರ್ಷ ತುಂಬೋ ಹೊತ್ತಿಗೆ ಎಲ್ಲರ ಮಕ್ಕಳ ಥರಾನೇ ಆದ. ಅದು ಯಾರೋ ಕೊಟ್ಟ ಟಾನಿಕ್ಕಿಂದ ಅಂದ್ರು, ನನ್ನಿಂದ ಅಂತ ಯಾರೂ ಅನ್ಲಿಲ್ಲ' ಅಂದರು. ಗಾಲ್ಟನ್‌ನ ಪಾಠದ ಇನ್ನೊಂದು ಅರ್ಧ ಅಷ್ಟರಲ್ಲೇ ಇತ್ತು. ಮೇಲಿಂದ ನಡುವಿಗೆ ಬಂದರೆ ಅಮ್ಮನ ತಪ್ಪು, ಕೆಳಗಿಂದ ನಡುವಿಗೆ ಬಂದರೆ ಟಾನಿಕ್ಕಿನ ಪುಣ್ಯ. ಎರಡೂ ತಾನಾಗಿ ನಡೆಯುವುದರಲ್ಲಿ ದೊಡ್ಡ ಪಾಲು.

ಆದರೆ ಕಾರಣ ಹುಡುಕೋ ಮನಸ್ಸು ಸುಮ್ಮನಿರಲ್ಲ. ನಮ್ಮ ಮನೆಯಲ್ಲಿ ಕೇಳಿಬಂದ ಕಾರಣಗಳನ್ನು ಒಂದು ದಿನ ಎಣಿಸಿದೆ: ಹಾಲು, ಆಫೀಸು, ದೃಷ್ಟಿ, ಫ್ಯಾನ್ ಗಾಳಿ, ನಾನು ತಿಂದ ಹಲಸಿನಹಣ್ಣು, ಹಗಲು ನಿದ್ದೆ, ಹಲ್ಲು ಬರೋದು... ಒಟ್ಟು ಹನ್ನೊಂದು. ಆಗ ನಮ್ಮ ಪುಸ್ತಕದಲ್ಲಿದ್ದ ಚುಕ್ಕೆಗಳು ಆರು. ಕಾರಣಗಳು ಅಳತೆಗಳಿಗಿಂತ ಹೆಚ್ಚಾದಾಗ ಏನಾಗುತ್ತೆ ಅನ್ನೋದು ನಮ್ಮ ಪೇಪರಿನ ದೊಡ್ಡ ಅಧ್ಯಾಯ. ಆಗ ಹಳೇ ಲೀಸ್ಟ್ ಸ್ಕ್ವೇರ್ಸ್ ಆರೂ ಚುಕ್ಕೆಗಳನ್ನು ಒಂದಿಷ್ಟೂ ತಪ್ಪಿಲ್ಲದೆ ವಿವರಿಸಿಬಿಡುತ್ತೆ. ಒಂದು ರೀತಿಯಲ್ಲಲ್ಲ, ಲೆಕ್ಕವಿಲ್ಲದಷ್ಟು ರೀತಿಯಲ್ಲಿ. ಪೂರ್ತಿ ತಪ್ಪನ್ನು ಹಾಲಿನ ಮೇಲೆ ಹಾಕಿದರೂ ಲೆಕ್ಕ ಸರಿಹೋಗುತ್ತೆ, ಫ್ಯಾನ್ ಮೇಲೆ ಹಾಕಿದರೂ ಸರಿಹೋಗುತ್ತೆ. ಎಲ್ಲ ಉತ್ತರವೂ ಸರಿಹೊಂದುತ್ತೆ ಅಂದರೆ ಯಾವುದಕ್ಕೂ ಪುರಾವೆ ಇಲ್ಲ ಅಂತ ಅರ್ಥ. ಅಂಥ ಕಡೆ ಯಾರ ಕಡೆ ಬೆರಳು ತೋರಿಸೋದು ಸುಲಭವೋ ಅವರ ಮೇಲೆ ತಪ್ಪು ಬೀಳುತ್ತೆ. ಮಗುವಿನ ವಿಚಾರದಲ್ಲಿ ಅದು ಯಾರು ಅಂತ ಹೇಳಬೇಕಾಗಿಲ್ಲ.

ಇದಕ್ಕೆ ಹೊಸ ವಿಧಾನಗಳು ಮಾಡೋದು ಒಂದು ರೀತಿಯ ತೆರಿಗೆ ಹಾಕೋದು. 1970ರಲ್ಲಿ ಹೋರ್ಲ್ ಮತ್ತು ಕೆನ್ನಾರ್ಡ್ 'ರಿಡ್ಜ್ ರಿಗ್ರೆಷನ್' ಕೊಟ್ಟರು. ಪ್ರತಿ ಕಾರಣಕ್ಕೆ ಕೊಡುವ ತೂಕ ಹೆಚ್ಚಾದಷ್ಟೂ ದಂಡ ಹೆಚ್ಚು, ಹಾಗಾಗಿ ಎಲ್ಲ ಕಾರಣಗಳೂ ಕುಗ್ಗುತ್ತವೆ. 1996ರಲ್ಲಿ ಟಿಬ್ಶಿರಾನಿ 'ಲಾಸೋ' ತಂದರು. ಇದರ ದಂಡದ ಲೆಕ್ಕ ಬೇರೆ. ತನ್ನ ಖರ್ಚು ತಾನು ಹುಟ್ಟಿಸಿಕೊಳ್ಳಲಾಗದ ಕಾರಣ ಪೂರ್ತಿ ಸೊನ್ನೆಯಾಗಿ ಪಟ್ಟಿಯಿಂದಲೇ ಹೊರಗೆ. ದಂಡ ಎಷ್ಟಿರಬೇಕು ಅಂತ ತೀರ್ಮಾನಿಸೋಕೆ ಮತ್ತೆ ಅದೇ ಕ್ರಾಸ್ ವ್ಯಾಲಿಡೇಷನ್. ನಮ್ಮ ಆರು ಚುಕ್ಕೆಗಳಿಗೆ ಲಾಸೋ ಹಾಕೋ ಹುಚ್ಚು ನನಗಿಲ್ಲ, ಆರು ಚುಕ್ಕೆಯಿಂದ ಯಾವ ವಿಧಾನವೂ ಕಾರಣ ಹುಡುಕಲಾರದು. ಆದರೆ ಅದರ ನೀತಿ ಮನೆಗೂ ಬೇಕು. ಪುರಾವೆ ಇಲ್ಲದ ಕಾರಣದ ಬೆಲೆ ಸೊನ್ನೆ ಅಂತಲೇ ಶುರುಮಾಡಬೇಕು.

ಈ ವಿಷಯದಲ್ಲಿ ನಮ್ಮವರೊಬ್ಬರ ಹೆಸರೂ ಬರುತ್ತೆ ಅಂತ ಗೊತ್ತಾದಾಗ ಖುಷಿಯಾಯಿತು. ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, 2023ರಲ್ಲಿ ತೀರಿಕೊಂಡರು. ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಅವರ ಹೆಸರಿನ ಸೂತ್ರಗಳು ಮೊದಲ ವರ್ಷದಿಂದಲೇ ಎದುರಾಗುತ್ತವೆ. ಅವರು 1958ರಲ್ಲಿ ಬೆಳವಣಿಗೆಯ ಗೆರೆಗಳನ್ನು ಹೋಲಿಸುವ ವಿಧಾನಗಳ ಬಗ್ಗೆ ಒಂದು ಲೇಖನ ಬರೆದರು. ಒಂದೊಂದು ಜೀವಕ್ಕೂ ಮತ್ತೆ ಮತ್ತೆ ತೆಗೆದ ಅಳತೆಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಗೆರೆಯಾಗಿ ಹಿಡಿಯೋದು ಹೇಗೆ ಅನ್ನೋ ಪ್ರಶ್ನೆ ಅಲ್ಲಿದೆ. 1982ರಲ್ಲಿ ಲೇರ್ಡ್ ಮತ್ತು ವೇರ್ ಬರೆದ ಲೇಖನದಿಂದ ಆಚೆಗೆ ಈ ಥರದ ಮಾದರಿಗಳು ವೈದ್ಯಕೀಯ ಸಂಶೋಧನೆಯಲ್ಲಿ ದಿನಬಳಕೆಗೆ ಬಂದವು. ಇವು ಪ್ರತಿ ಮಗುವಿಗೂ ಅದರದೇ ಗೆರೆ ಕೊಡುತ್ತವೆ. ಅಳತೆಗಳು ಕಡಿಮೆ ಇದ್ದರೆ ಆ ಗೆರೆಯನ್ನು ಗುಂಪಿನ ಕಡೆಗೆ ಸ್ವಲ್ಪ ಎಳೆದು ಇಡುತ್ತವೆ. ಅಳತೆ ಹೆಚ್ಚಾದ ಹಾಗೆ ಮಗುವಿನ ಮಾತೇ ಹೆಚ್ಚು ಕೇಳುತ್ತವೆ. ಒಂದು ಚುಕ್ಕೆಗೆ ಹೆದರಬೇಡ, ನಾಲ್ಕು ಚುಕ್ಕೆಯಾದ ಮೇಲೆ ನೋಡು ಅಂತ ಅನುಭವಸ್ಥರು ಹೇಳೋದು ಇದನ್ನೇ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಇದನ್ನು ಓದಿ 'ಗೆರೆ ಇಳಿದರೂ ಪರವಾಗಿಲ್ಲವಂತೆ' ಅಂತ ಯಾರೂ ಸುಮ್ಮನಾಗಬೇಡಿ. ತೂಕ ಏರದೆ ನಿಂತರೆ, ಇಳಿದರೆ, ಚುಕ್ಕೆಗಳು ಒಂದಾದ ಮೇಲೊಂದು ಗೆರೆ ದಾಟಿ ಕೆಳಗೆ ಹೋಗ್ತಾನೇ ಇದ್ದರೆ, ಮಗು ಮಂಕಾಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅಂಗನವಾಡಿಯ ಚಾರ್ಟಿನಲ್ಲಿ ಹಸಿರು ಬಿಟ್ಟು ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ಚುಕ್ಕೆ ಬಿದ್ದರೆ ಅದು ಎಚ್ಚರಿಕೆಯೇ. ರಿಗ್ರೆಷನ್ ಹೇಳೋದು ಸಾವಿರಾರು ಮಕ್ಕಳ ಬಗ್ಗೆ. ನಿಮ್ಮ ಮಗುವಿನ ಬಗ್ಗೆ ಹೇಳಬೇಕಾದವರು ಅದರ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಹೊಟ್ಟೆ ಮುಟ್ಟಿ ನೋಡುವವರು.

ಮುಂದಿನ ಸಲ ಪುಸ್ತಕ ತೆಗೆದಾಗ ಹೀಗೆ ನೋಡಿ. ಹೆಣ್ಣುಮಗುವಿಗೂ ಗಂಡುಮಗುವಿಗೂ ಬೇರೆ ಬೇರೆ ಪುಟ ಇರುತ್ತೆ, ಸರಿಯಾದ ಪುಟ ತೆಗೆದಿದ್ದೀರಾ ನೋಡಿಕೊಳ್ಳಿ. ಸಾಧ್ಯವಾದಷ್ಟೂ ಒಂದೇ ತಕ್ಕಡಿಯಲ್ಲಿ, ಡೈಪರ್ ತೆಗೆದು ತೂಕ ಮಾಡಿಸಿ. ಕೊನೆಯ ಚುಕ್ಕೆ ಒಂದನ್ನೇ ನೋಡದೆ ಎಲ್ಲ ಚುಕ್ಕೆಗಳನ್ನೂ ಪೆನ್ಸಿಲಿನಿಂದ ಸೇರಿಸಿ ನೋಡಿ. ಯಾರಾದರೂ ಕಾರಣ ಹೇಳಿದರೆ, ಎಷ್ಟು ಚುಕ್ಕೆಗಳ ಮೇಲೆ ಹೇಳ್ತಿದ್ದಾರೆ ಅಂತ ಒಂದು ಸಲ ಎಣಿಸಿ. ಮನೆಯಲ್ಲಿ ಬಾಣಂತಿ ಇದ್ದು ನೀವು ಅತ್ತೆಯೋ, ನಾದಿನಿಯೋ, ಗಂಡನೋ ಆಗಿದ್ದರೆ, 'ಹಾಲು ಸಾಲ್ತಿದೆಯಾ' ಅಂತ ಕೇಳೋ ಮೊದಲು 'ನೀನು ಊಟ ಮಾಡಿದೆಯಾ' ಅಂತ ಕೇಳಿ.